ದಾಖಲೆ ಕೇಳಲು ಅಂಜಿಕೆ ಏಕೆ?

ನಿಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ರೇಷನ್ ಕಾರ್ಡು, ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಮನೆ ತೆರಿಗೆ ರಸೀದಿ, ಮಾವನ ಕಾಲದ ಒಂದು ಹಳದಿ ಕಾಗದ. ಅದನ್ನು ಮಳೆಯಿಂದ, ಗೆದ್ದಲಿನಿಂದ ಕಾಪಾಡಿಕೊಂಡು ಬಂದವರು ನೀವು. ಯಾವ ಕಾಗದ ಯಾವ ಮಡಿಕೆಯಲ್ಲಿದೆ ಎಂದು ಗೊತ್ತಿರುವುದೂ ನಿಮಗೇ. ಆದರೆ ಕಚೇರಿಗೆ ಹೋಗುವ ದಿನ ಬಂದಾಗ ಚೀಲ ಗಂಡನ ಕೈಗೋ ಮಗನ ಕೈಗೋ ಹೋಗುತ್ತದೆ. ಗಂಡ ಗಲ್ಫಿನಲ್ಲಿದ್ದರೆ, ಅಥವಾ ತೀರಿಹೋಗಿದ್ದರೆ? ಆಗ ಪಕ್ಕದ ಮನೆಯವರನ್ನೋ ಏಜೆಂಟನನ್ನೋ ಕಾಯಬೇಕಾಗುತ್ತದೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಶಿರಸಿ ತಾಲೂಕಿನ ಹೆಗಡೆಕಟ್ಟಾ ಕಡೆಯ ಒಂದು ಹಳ್ಳಿ. ಸುತ್ತ ಅಡಿಕೆ ತೋಟ, ಅದರಾಚೆ ಕಾಡು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ವಿಧವಾ ವೇತನಕ್ಕೆ ಅರ್ಜಿ ಹಾಕಿ ಎಂಟು ತಿಂಗಳಾಗಿದೆ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಫಾತಿಮಾಬಿ, ಆಧಾರ್‌ನಲ್ಲಿ ಫಾತಿಮಾ, ಗಂಡನ ಮರಣ ಪ್ರಮಾಣಪತ್ರದಲ್ಲಿ ಪಾತಿಮಾ ಬೇಗಂ. ಪ್ರತಿಸಲ ಬಸ್ಸು ಹತ್ತಿ ಶಿರಸಿಗೆ ಹೋದಾಗಲೂ ಒಂದೇ ಉತ್ತರ: "ಮುಂದಿನ ವಾರ ಬನ್ನಿ." ಅರ್ಜಿ ಯಾರ ಮೇಜಿನ ಮೇಲಿದೆ, ಯಾವ ಕಾರಣಕ್ಕೆ ನಿಂತಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಕೇಳಬಹುದು ಎಂಬುದೂ ಅವರಿಗೆ ಗೊತ್ತಿಲ್ಲ.

ಇಂಥ ತಾಯಂದಿರು ನಮ್ಮ ನಿಮ್ಮ ಊರಿನಲ್ಲೂ ಇದ್ದಾರೆ. ಅವರಿಗೆ ಬೇಕಾದ ಮೂರು ತಿಳುವಳಿಕೆ ಇವು: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು, ಹೇಗೆ ಕೇಳಬೇಕು.

ಯಾರ ಬಳಿ ಏನಿದೆ?

ನಮ್ಮ ಅರ್ಧ ಅಲೆದಾಟ ತಪ್ಪು ಬಾಗಿಲು ತಟ್ಟುವುದರಿಂದ ಆಗುತ್ತದೆ. ಹೆಗಡೆಕಟ್ಟಾವನ್ನೇ ಉದಾಹರಣೆಯಾಗಿಟ್ಟುಕೊಂಡು ಕಚೇರಿಗಳ ಮೆಟ್ಟಿಲನ್ನು ನೋಡೋಣ.

ಮೊದಲ ಮೆಟ್ಟಿಲು ಗ್ರಾಮ ಪಂಚಾಯತ್. ಇಲ್ಲಿನ ಮುಖ್ಯ ಅಧಿಕಾರಿ ಪಿ.ಡಿ.ಓ., ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ. ಮನೆ ತೆರಿಗೆ, ಇ-ಸ್ವತ್ತು, ಕುಡಿಯುವ ನೀರು, ಬೀದಿ ದೀಪ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಗ್ರಾಮಸಭೆಯ ನಡಾವಳಿ ಎಲ್ಲವೂ ಇಲ್ಲಿರುತ್ತವೆ. ಇದರ ಮೇಲೆ ಶಿರಸಿಯ ತಾಲೂಕು ಪಂಚಾಯತ್, ಅಲ್ಲಿ ಕಾರ್ಯನಿರ್ವಾಹಕ ಅಧಿಕಾರಿ. ಅದರ ಮೇಲೆ ಕಾರವಾರದ ಜಿಲ್ಲಾ ಪಂಚಾಯತ್.

ಕಂದಾಯ ಇಲಾಖೆಯದು ಇನ್ನೊಂದು ಮೆಟ್ಟಿಲು. ಹಳ್ಳಿಯಲ್ಲಿ ನಾವು ಗ್ರಾಮ ಲೆಕ್ಕಿಗರೆಂದು ಕರೆಯುತ್ತಿದ್ದವರು ಈಗ ಗ್ರಾಮ ಆಡಳಿತಾಧಿಕಾರಿ. ಅವರ ಮೇಲೆ ನಾಡಕಚೇರಿ, ನಂತರ ಶಿರಸಿಯ ತಹಶೀಲ್ದಾರ್, ನಂತರ ಉಪವಿಭಾಗಾಧಿಕಾರಿ, ಕೊನೆಗೆ ಕಾರವಾರದ ಜಿಲ್ಲಾಧಿಕಾರಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿಧವಾ ವೇತನ, ಸಂಧ್ಯಾ ಸುರಕ್ಷಾ ಇವೆಲ್ಲ ಈ ದಾರಿಯಲ್ಲಿ ಸಾಗುತ್ತವೆ. ವೇತನದ ಅರ್ಜಿ ಹಿಡಿದು ಪಿ.ಡಿ.ಓ. ಬಳಿ ಎಷ್ಟು ಸಲ ಹೋದರೂ ಮಂಜೂರಾಗದು. ಏಕೆಂದರೆ ಆ ಕಡತ ಅವರದಲ್ಲ.

ಅಂಗನವಾಡಿ ಮತ್ತು 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ತಾಲೂಕಿನಲ್ಲಿ ಸಿ.ಡಿ.ಪಿ.ಓ. ಇದಕ್ಕೆ ಹೊಣೆ. ಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ. ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾದ್ದರಿಂದ ಉಪನಿರ್ದೇಶಕರ ಕಚೇರಿಯೂ ಶಿರಸಿಯಲ್ಲೇ ಇದೆ. ಅದಕ್ಕಾಗಿ ಘಟ್ಟವಿಳಿದು ನೂರು ಕಿಲೋಮೀಟರಿಗೂ ದೂರದ ಕಾರವಾರಕ್ಕೆ ಹೋಗಬೇಕಿಲ್ಲ. ಸಿದ್ದಾಪುರ, ಯಲ್ಲಾಪುರದ ಸಹೋದರಿಯರಿಗೆ ತಾಲೂಕು ಕಚೇರಿ ಬೇರೆಯಾದರೂ ಉಪವಿಭಾಗಾಧಿಕಾರಿ ಶಿರಸಿಯವರೇ.

ಹೆಸರು, ಫೋನ್ ನಂಬರು ಎಲ್ಲಿ ಸಿಗುತ್ತದೆ?

"ಸಾಹೇಬರ ನಂಬರ್ ಕೊಡಲಾಗದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತನ್ನ ಅಧಿಕಾರಿ-ನೌಕರರ ವಿವರ, ಅವರ ಕರ್ತವ್ಯ, ಯೋಜನೆಗಳ ಫಲಾನುಭವಿಗಳ ವಿವರ, ಮಾಹಿತಿ ಅಧಿಕಾರಿಯ ಹೆಸರು ಮತ್ತು ಹುದ್ದೆಯನ್ನು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕು. ಕಚೇರಿಯ ಗೋಡೆಯ ಫಲಕ, ಜಿಲ್ಲೆಯ ಅಧಿಕೃತ ಜಾಲತಾಣ, ಪಂಚಾಯತಿಯ ನೋಟಿಸ್ ಬೋರ್ಡು, ಈ ಮೂರನ್ನು ಮೊದಲು ನೋಡಿ. ಕಾಲೇಜಿಗೆ ಹೋಗುವ ಮಗಳಿದ್ದರೆ ಜಾಲತಾಣ ನೋಡುವ ಕೆಲಸ ಅವಳಿಗೆ ಕೊಡಿ. ಸರಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ಅಧಿಕಾರಿಗಳು ವರ್ಗವಾಗುತ್ತಾರೆ, ಪಂಚಾಯತಿಯ ಅವಧಿ ಮುಗಿದು ಆಡಳಿತಾಧಿಕಾರಿ ಬರುತ್ತಾರೆ, ಮತ್ತೆ ಚುನಾವಣೆಯಾಗುತ್ತದೆ. ಕಚೇರಿ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಅರ್ಜಿಯನ್ನು ವ್ಯಕ್ತಿಯ ಹೆಸರಿಗಲ್ಲ, ಹುದ್ದೆಯ ಹೆಸರಿಗೆ ಬರೆಯಿರಿ.

ಮೊದಲು ಕಿಟಕಿ, ನಂತರ ಕಾಯ್ದೆ

ಎಲ್ಲದಕ್ಕೂ ಮಾಹಿತಿ ಹಕ್ಕಿನ ಅರ್ಜಿ ಬೇಕಾಗಿಲ್ಲ. ಪಹಣಿ, ಜನನ-ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳಿಗೆ ನಿಗದಿತ ಶುಲ್ಕ ಕೊಟ್ಟು ಕಿಟಕಿಯಲ್ಲೇ ಪಡೆಯುವುದು ಸುಲಭ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಂತೆ ಆ ಪಟ್ಟಿಯಲ್ಲಿರುವ ಸೇವೆಗೆ ದಿನಗಳ ಗಡುವು ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣ ಸಣ್ಣದು ನಿಜ. ಆದರೆ ಸಂಖ್ಯೆ ಇರುವ ಅರ್ಜಿ ಸುಮ್ಮನೆ ಕಳೆದುಹೋಗುವುದಿಲ್ಲ.

ಹೆಸರಿನ ಗೊಂದಲವನ್ನು ಇಂದೇ ಸರಿಪಡಿಸಿಕೊಳ್ಳಿ. ಜನನ-ಮರಣ ನೋಂದಣಿ ಕಾಯ್ದೆ 1969ರ 15ನೇ ಕಲಂ ಪ್ರಕಾರ ನೋಂದಣಿಯಲ್ಲಿ ಆದ ತಪ್ಪನ್ನು ತಿದ್ದಲು ಅವಕಾಶವಿದೆ. ಜನನ ನೋಂದಣಿಯೇ ಆಗದೆ ಒಂದು ವರ್ಷ ಮೀರಿದ್ದರೆ ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ನೀಡಿದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಸಾಕು. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ 2003ರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಲಕ್ಷಾಂತರ ಕುಟುಂಬಗಳು ಹುಡುಕಾಡಿದ್ದನ್ನು ನಾವು ಕಂಡೆವು. ಮದುವೆಯಾಗಿ ಊರು ಬಿಟ್ಟು ಬಂದ ಹೆಣ್ಣುಮಕ್ಕಳ ತೊಂದರೆ ಇಂಥ ವೇಳೆ ಹೆಚ್ಚು. ತವರಿನ ದಾಖಲೆಯಲ್ಲಿ ಒಂದು ಹೆಸರು, ಗಂಡನ ಮನೆಯ ದಾಖಲೆಯಲ್ಲಿ ಇನ್ನೊಂದು. ನೀವು ಓದಿದ ಶಾಲೆಯ ದಾಖಲಾತಿ ಪುಸ್ತಕದ ನಕಲನ್ನು ಈಗಲೇ ತಂದಿಟ್ಟುಕೊಳ್ಳಿ.

ಹತ್ತು ರೂಪಾಯಿಯ ಅರ್ಜಿ

ಕಿಟಕಿಯಲ್ಲಿ ಉತ್ತರ ಸಿಗದಿದ್ದಾಗ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಇದು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಲಗತ್ತಿಸಬಹುದು ಅಥವಾ ಕಚೇರಿಯಲ್ಲಿ ನಗದು ಕಟ್ಟಿ ರಸೀದಿ ಪಡೆಯಬಹುದು. ನಕಲಿಗೆ ಪುಟವೊಂದಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ರೇಷನ್ ಕಾರ್ಡಿನ ಪ್ರತಿ ಲಗತ್ತಿಸಿದರಾಯಿತು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕನ್ನಡದಲ್ಲೇ ಬರೆಯಿರಿ. ಏಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ. ನಿಮಗೆ ಬರೆಯಲು ಬಾರದಿದ್ದರೆ, ನೀವು ಬಾಯಿಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯದೇ ಕರ್ತವ್ಯ ಎಂದು 6ನೇ ಕಲಂ ಹೇಳುತ್ತದೆ.

ಮುಖ್ಯ ವಿಷಯ ಇಲ್ಲಿದೆ. "ನನ್ನ ವೇತನ ಏಕೆ ಬಂದಿಲ್ಲ?" ಎಂದು ಕೇಳಬೇಡಿ. ಅದಕ್ಕೆ "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ದಾಖಲೆಯನ್ನು ಕೇಳಿ. ಆ ತಾಯಿಯ ಅರ್ಜಿ ಹೀಗಿರಬಹುದು:

"ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ, ತಹಶೀಲ್ದಾರರ ಕಚೇರಿ, ಶಿರಸಿ. ವಿಷಯ: ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6(1)ರಂತೆ ಮಾಹಿತಿ ಕೋರಿ. ನಾನು ಇಂಥ ದಿನಾಂಕದಂದು ಇಂಥ ಸಂಖ್ಯೆಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಸಲ್ಲಿಸಿರುತ್ತೇನೆ. ಆ ಕಡತದ ಟಿಪ್ಪಣಿ ಪುಟಗಳ ದೃಢೀಕೃತ ನಕಲು, ಕಡತ ಯಾವ ದಿನಾಂಕದಂದು ಯಾವ ಅಧಿಕಾರಿಯ ಬಳಿ ಇತ್ತು ಎಂಬ ವಿವರ, ಗ್ರಾಮ ಆಡಳಿತಾಧಿಕಾರಿಯ ವರದಿಯ ನಕಲು, ಈಗ ಕಡತ ಇರುವ ಅಧಿಕಾರಿಯ ಹುದ್ದೆ, ಇವುಗಳನ್ನು ನೀಡಬೇಕೆಂದು ಕೋರುತ್ತೇನೆ. ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ."

ಇಷ್ಟೇ. ಕೆಳಗೆ ವಿಳಾಸ, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು. ಒಂದು ಪ್ರತಿಯಲ್ಲಿ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ನಿರಾಕರಿಸಿದರೆ ಜಗಳವಾಡದೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಜೋಪಾನವಾಗಿಡಿ. ತಪ್ಪು ಕಚೇರಿಗೆ ಹೋಗಿದ್ದರೂ ಚಿಂತೆಯಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು.

ಉತ್ತರಕ್ಕೆ ಗಡುವು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಪ್ರಕರಣಗಳು ರಾಶಿಬಿದ್ದಿರುವುದರಿಂದ ಅಲ್ಲಿ ಬೇಗ ತೀರ್ಮಾನ ಸಿಗುತ್ತದೆಂದು ಹೇಳಲಾರೆವು. ಆದರೆ ಎಷ್ಟೋ ಸಲ ಮೊದಲ ಅರ್ಜಿ ತಲುಪುತ್ತಲೇ ನಿಂತ ಕಡತ ಅಲುಗಾಡುತ್ತದೆ.

ಕಾಡಂಚಿನ ಮನೆಗಳಿಗೆ

ನಮ್ಮ ಉತ್ತರ ಕನ್ನಡದಲ್ಲಿ ಹಳೆಯ ದಾಖಲೆಯ ಬೆಲೆ ಇನ್ನೂ ಹೆಚ್ಚು. ಅರಣ್ಯ ಭೂಮಿಯಲ್ಲಿ ಮನೆ ಕಟ್ಟಿ ತಲೆಮಾರುಗಳಿಂದ ಬದುಕಿರುವ ಕುಟುಂಬಗಳಲ್ಲಿ ನಮ್ಮವರೂ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ಮುಖ್ಯವಾಗಿ ನೆಲೆಸಿ ಜೀವನಕ್ಕೆ ಅದನ್ನು ಅವಲಂಬಿಸಿದ್ದರೆಂದು ತೋರಿಸಬೇಕು. ಅಜ್ಜನ ಕಾಲದ ಕಾಗದ ಬಡವರ ಮನೆಯಲ್ಲಿ ಎಲ್ಲಿರುತ್ತದೆ? ಸರಕಾರದ ದಾಖಲೆ ಕೋಣೆಯಲ್ಲಿ ಇರಬಹುದು. ಗ್ಯಾಸೆಟಿಯರ್, ಜನಗಣತಿ, ಸರ್ವೆ ವರದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಮನೆ ತೆರಿಗೆ ರಸೀದಿ ಇವುಗಳನ್ನು ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಹಿರಿಯರ ಲಿಖಿತ ಹೇಳಿಕೆಗೂ ಬೆಲೆಯಿದೆ. ಇವುಗಳ ನಕಲಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ಸಹೋದರಿಯರು ಗಮನಿಸಬೇಕಾದ ಮಾತೊಂದಿದೆ. ಮಂಜೂರಾದ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ 60 ದಿನ. ಆದ್ದರಿಂದ ಆದೇಶದ ಪ್ರತಿಯನ್ನು ಮತ್ತು ಅದರ ದಿನಾಂಕವನ್ನು ಕೇಳಿ ಪಡೆಯಿರಿ.

ಲೆಕ್ಕ ಕೇಳಿದ ಹೆಣ್ಣುಮಕ್ಕಳು

ಈ ಕಾಯ್ದೆ ದೆಹಲಿಯ ವಿದ್ವಾಂಸರ ತಲೆಯಿಂದ ಮಾತ್ರ ಬಂದದ್ದಲ್ಲ. ರಾಜಸ್ಥಾನದ ಬರಪೀಡಿತ ಹಳ್ಳಿಗಳಲ್ಲಿ ಕಲ್ಲು-ಮಣ್ಣು ಹೊತ್ತ ಕೂಲಿಕಾರರು, ಅವರಲ್ಲಿ ಬಹಳಷ್ಟು ಹೆಂಗಸರು, ತಮಗೆ ಪೂರ್ತಿ ಕೂಲಿ ಏಕೆ ಸಿಗುತ್ತಿಲ್ಲ ಎಂದು ಕೇಳಿದರು. ಹಾಜರಿ ಪಟ್ಟಿ ತೋರಿಸಿ ಎಂದರು. ಅದು ಸರಕಾರಿ ಗುಟ್ಟು ಎಂಬ ಉತ್ತರ ಬಂತು. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಊರಿನ ಮುಂದೆ ಆ ಪಟ್ಟಿಗಳನ್ನು ಓದಿದಾಗ ಸತ್ತವರ ಹೆಸರಿನಲ್ಲೂ ಕೂಲಿ ಬರೆದದ್ದು ಹೊರಬಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ನಲವತ್ತು ದಿನ ಧರಣಿ ಕೂತರು. ಅಂಗಡಿಗೆ ಕಳಿಸಿದ ಮಗನಿಂದ ಹತ್ತು ರೂಪಾಯಿಯ ಲೆಕ್ಕ ಕೇಳುವ ನಾವು ನಮ್ಮ ಹೆಸರಿನಲ್ಲಿ ಖರ್ಚಾಗುವ ಕೋಟಿಗಳ ಲೆಕ್ಕ ಏಕೆ ಕೇಳಬಾರದು ಎಂಬ ಅವರ ವಾದ ಎಷ್ಟು ಸರಳ!

ನಮ್ಮ ದೀನ್ ಕೂಡ ಇದನ್ನೇ ಕಲಿಸುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಚಿಕ್ಕದಿರಲಿ ದೊಡ್ಡದಿರಲಿ ಬೇಸರಿಸಬಾರದು ಎಂಬ ಆದೇಶ ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತದಲ್ಲಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ದಾಖಲೆಯ ಕುರಿತಾದುದು! ಝಕಾತ್ ಸಂಗ್ರಹಕ್ಕೆ ಹೋಗಿದ್ದ ಇಬ್ನುಲ್ ಲುತ್ಬಿಯ್ಯಃ ಎಂಬವರು ಒಂದಷ್ಟು ಸಂಪತ್ತನ್ನು ತಮಗೆ ಬಂದ ಉಡುಗೊರೆ ಎಂದು ಬೇರೆಯಿಟ್ಟಾಗ, ತಂದೆ-ತಾಯಿಯ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ) ಪ್ರಶ್ನಿಸಿದ ಘಟನೆ ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಸಾರ್ವಜನಿಕ ಹೊಣೆ ಒಂದು ಅಮಾನತ್. ಅದರ ಲೆಕ್ಕ ಕೇಳುವುದು ಉದ್ಧಟತನವಲ್ಲ.

ಆದರೆ ಒಂದು ಎಚ್ಚರಿಕೆ. ನೆರೆಮನೆಯವಳಿಗೆ ಎಷ್ಟು ವೇತನ ಬಂತು, ನಾದಿನಿಯ ಖಾತೆಯಲ್ಲಿ ಎಷ್ಟಿದೆ ಎಂದು ಕೆದಕಲು ಈ ಕಾಯ್ದೆಯನ್ನು ಬಳಸಬೇಡಿ. ಇತರರ ಖಾಸಗಿ ವಿವರಕ್ಕೆ ಕಾಯ್ದೆಯಲ್ಲೇ ತಡೆಯಿದೆ, 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಆ ತಡೆಯನ್ನು ಇನ್ನೂ ಬಿಗಿಗೊಳಿಸಿದೆ. ಪರರ ಗುಟ್ಟು ಹುಡುಕುವುದನ್ನು ಅಲ್ ಹುಜುರಾತ್ ಅಧ್ಯಾಯವೂ ನಿಷೇಧಿಸಿದೆ.

ಇಂದು ಸಂಜೆ ಆ ಪ್ಲಾಸ್ಟಿಕ್ ಚೀಲವನ್ನು ಕೆಳಗಿಳಿಸಿ. ಪ್ರತಿ ಕಾಗದದಲ್ಲೂ ನಿಮ್ಮ ಹೆಸರು ಹೇಗಿದೆ ಎಂದು ನೋಡಿ, ವ್ಯತ್ಯಾಸವಿದ್ದಲ್ಲಿ ಗುರುತು ಹಾಕಿ. ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಿ.ಡಿ.ಓ., ಗ್ರಾಮ ಆಡಳಿತಾಧಿಕಾರಿ, ಅಂಗನವಾಡಿ ಕಾರ್ಯಕರ್ತೆ, ನಾಡಕಚೇರಿಯ ನಂಬರು ಬರೆದಿಡಿ. ಮುಂದಿನ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ, ಇಬ್ಬರು ನೆರೆಹೊರೆಯವರನ್ನು ಕರೆದುಕೊಂಡು ಹೋಗಿ. ಮೊದಲ ಸಲ ಗಂಟಲು ನಡುಗಬಹುದು. ಎರಡನೆಯ ಸಲ ನಡುಗದು. ಬಳಿಕ ನಿಮ್ಮ ಊರಿನ ಆ ತಾಯಿಯ ಪಕ್ಕದಲ್ಲಿ ಕೂತು, ಅವರ ಅರ್ಜಿಯನ್ನು ನೀವೇ ಬರೆದುಕೊಡಿ.