ಗೀರುಗಳ ಕನ್ನಡಿ

ಕನ್ನಡಿ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಗಾಜು ಮತ್ತು ಅದರ ಬೆನ್ನಿಗೆ ಬಳಿದ ಲೋಹ. ಲೋಹವನ್ನು ಕೆರೆದು ತೆಗೆದರೆ ಉಳಿಯುವುದು ಬರಿಯ ಗಾಜು. ಅದರ ಒಂದು ಮುಖ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಆದರೆ ಲೋಹದ ಸೋಂಕೇ ಇಲ್ಲದೆ, ಪಾರದರ್ಶಕ ವಸ್ತುವಿನ ಒಂದೇ ತೆಳುಪದರದಲ್ಲಿ ಗೀರುಗಳನ್ನು ಕೊರೆದು, ಒಂದು ಬಣ್ಣದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಸಬಹುದು ಎಂದರೆ ನಂಬುವಿರಾ? ಅದೇ ಅನುರಣನ ಗ್ರೇಟಿಂಗ್ ಕನ್ನಡಿ.

ಗ್ರೇಟಿಂಗ್ ಎಂದರೆ ಸಮಾನ ಅಂತರದಲ್ಲಿ ಒತ್ತೊತ್ತಾಗಿ ಇರುವ ಗೀರುಗಳ ಸಾಲು. ಮನೆಯಲ್ಲಿ ಹಳೆಯ ಸಿ.ಡಿ. ಇದ್ದರೆ ಬೆಳಕಿಗೆ ಹಿಡಿದು ನೋಡಿ. ಅದರ ಸುತ್ತುಗಳ ನಡುವಿನ ಅಂತರ ಸುಮಾರು 1600 ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರ್. ಗೀರುಗಳ ಅಂತರ ಅದಕ್ಕಿಂತ ದೊಡ್ಡದಾದ್ದರಿಂದ ಬಣ್ಣಗಳು ಬೇರೆಬೇರೆ ದಿಕ್ಕಿಗೆ ಚದರುತ್ತವೆ. ನಮ್ಮ ಕನ್ನಡಿಯಲ್ಲಾದರೋ ಅಂತರ ತರಂಗದೂರಕ್ಕಿಂತ ಚಿಕ್ಕದು. ಬಾಗಿದ ಬೆಳಕಿಗೆ ಹೊರಗೆ ದಾರಿಯಿಲ್ಲ, ಪದರದ ಒಳಗೆ ಮಾತ್ರ ಇದೆ.

ಒಳಗೆ ನಡೆಯುವುದೇ ಸ್ವಾರಸ್ಯದ ಸಂಗತಿ. ಬಿದ್ದ ಬೆಳಕಿನ ಬಹುಪಾಲು ಪದರವನ್ನು ನೇರವಾಗಿ ದಾಟಲು ಹೊರಡುತ್ತದೆ. ಒಂದಿಷ್ಟನ್ನು ಗೀರುಗಳು ಪಕ್ಕಕ್ಕೆ ಬಾಗಿಸುತ್ತವೆ. ಪದರದ ವಕ್ರೀಭವನ ಸೂಚ್ಯಂಕ ಕೆಳಗಿನ ಗಾಜಿನದಕ್ಕಿಂತ ಹೆಚ್ಚಾದ್ದರಿಂದ, ಬಾಗಿದ ಬೆಳಕು ಪೂರ್ಣ ಆಂತರಿಕ ಪ್ರತಿಫಲನಕ್ಕೆ ಸಿಕ್ಕಿ ಪದರದಲ್ಲೇ ಅಡ್ಡಲಾಗಿ ಸಾಗುತ್ತದೆ. ಆದರೆ ಒಳಗೆ ನೂಕಿದ ಗೀರುಗಳೇ ಅದನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೂ ಕೆಳಕ್ಕೂ ಸೋರಿಬಿಡುತ್ತವೆ.

ಉಯ್ಯಾಲೆಯನ್ನು ನೆನೆಯಿರಿ. ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಅದು ಎತ್ತರಕ್ಕೆ ಜೀಕುತ್ತದೆ. ಹಾಗೆಯೇ ತರಂಗದೂರ ಸರಿಹೊಂದಿದಾಗ ಒಂದೊಂದು ಗೀರಿನಿಂದ ಒಳಬರುವ ಅಲೆಯೂ ಮೊದಲೇ ಇದ್ದ ಅಲೆಯೊಡನೆ ಹೆಜ್ಜೆ ಹಾಕುತ್ತದೆ. ಸೆರೆಯಾದ ಬೆಳಕು ಬೆಳೆಯುತ್ತ ಹೋಗಿ, ಕೊನೆಗೆ ಕೆಳಕ್ಕೆ ಸೋರುವ ಅಲೆ ನೇರವಾಗಿ ದಾಟುವ ಅಲೆಯಷ್ಟೇ ಬಲವಾಗುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂತು ಎರಡೂ ಅಳಿಸಿಹೋಗುತ್ತವೆ. ಶಕ್ತಿ ನಾಶವಾಗುವಂತಿಲ್ಲ, ಪದರ ಬೆಳಕನ್ನು ಹೀರುವುದೂ ಇಲ್ಲ. ಕೆಳಗಿನ ದಾರಿ ಮುಚ್ಚಿತೆಂದ ಮೇಲೆ ಬೆಳಕೆಲ್ಲ ಬಂದತ್ತಲೇ ಮರಳಬೇಕು, ಅಲ್ಲವೇ?

ಲೆಕ್ಕವೂ ಸುಲಭ. ನೇರವಾಗಿ ಬೀಳುವ ಬೆಳಕಿಗೆ, ಗೀರುಗಳ ಅಂತರವನ್ನು ಸೆರೆಯಾದ ಅಲೆ ಅನುಭವಿಸುವ ಸೂಚ್ಯಂಕದಿಂದ ಗುಣಿಸಿದರೆ ತರಂಗದೂರ ಸಿಗುತ್ತದೆ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು 633 ನ್ಯಾನೊಮೀಟರ್, ಸೂಚ್ಯಂಕ 1.6 ಆದರೆ ಅಂತರ ಸುಮಾರು 396.

ಗ್ರೇಟಿಂಗ್‌ನ ಇಂಥ ವಿಚಿತ್ರವನ್ನು ಮೊದಲು ಕಂಡವರು ಅಮೆರಿಕದ ರಾಬರ್ಟ್ ವುಡ್, 1902ರಲ್ಲಿ. ಅವರ ಲೋಹದ ಗ್ರೇಟಿಂಗ್‌ನಲ್ಲಿ ಬೆಳಕು ಬಹು ಕಿರಿದಾದ ತರಂಗದೂರದ ವ್ಯಾಪ್ತಿಯಲ್ಲಿ ಥಟ್ಟನೆ ಮಂಕಾಗುತ್ತಿತ್ತು. ಮೇಲ್ಮೈಯುದ್ದಕ್ಕೂ ಸಾಗುವ ಅಲೆಯೇ ಇದಕ್ಕೆ ಕಾರಣವೆಂದು ಉಗೊ ಫಾನೊ 1941ರಲ್ಲಿ ವಿವರಿಸಿದರು. ಪಾರದರ್ಶಕ ಪದರದಲ್ಲಿ ಪೂರ್ಣ ಪ್ರತಿಫಲನ ಸಾಧ್ಯವೆಂದು 1985ರಲ್ಲಿ ಸೋವಿಯತ್ ವಿಜ್ಞಾನಿಗಳು ತೋರಿಸಿದರು. 1992ರಲ್ಲಿ ಮ್ಯಾಗ್ನುಸನ್ ಮತ್ತು ವಾಂಗ್ ಇದನ್ನು ಶೋಧಕಗಳ ಹೊಸ ತತ್ತ್ವವಾಗಿ ಮುಂದಿಟ್ಟರು.

ಗೀರುಗಳು ತೀರ ಆಳವಿಲ್ಲದಿದ್ದರೆ ಸೋರಿಕೆ ನಿಧಾನ. ಬೆಳಕು ಒಳಗೆ ಹೆಚ್ಚು ಹೊತ್ತು ನಿಂತು, ತೀರ ಕಿರಿದಾದ ಬಣ್ಣದ ಪಟ್ಟಿಯೊಂದೇ ಹಿಂದಿರುಗುತ್ತದೆ. ಅದು ಶೋಧಕ. ಪದರವನ್ನೇ ಸೀಳಿ ಅರೆವಾಹಕದ ಪಟ್ಟಿ, ಗಾಳಿ, ಮತ್ತೆ ಪಟ್ಟಿ ಎಂದು ಜೋಡಿಸಿದರೆ ಪಟ್ಟಿ ಅಗಲವಾಗುತ್ತದೆ. ಇದು ಲೇಸರಿಗೆ ತಕ್ಕ ಕನ್ನಡಿ. ಚಿಪ್ಪಿನ ಮೇಲ್ಮೈಯಿಂದ ನೇರವಾಗಿ ಬೆಳಕು ಚೆಲ್ಲುವ ಲೇಸರಿನಲ್ಲಿ ಬೆಳಕನ್ನು ವರ್ಧಿಸುವ ಭಾಗ ಅತಿ ತೆಳು. ಒಂದು ಸಲ ಹಾದರೆ ಸಿಗುವ ಲಾಭ ನೂರಕ್ಕೆ ಒಂದರ ಆಸುಪಾಸು. ಕನ್ನಡಿ ನೂರಕ್ಕೆ 99ಕ್ಕಿಂತ ಹೆಚ್ಚು ಹಿಂದಿರುಗಿಸದಿದ್ದರೆ ಲೇಸರ್ ಹೊತ್ತಿಕೊಳ್ಳುವುದೇ ಇಲ್ಲ! ಅದಕ್ಕಾಗಿ ಹತ್ತಾರು ಜೊತೆ ಪದರಗಳನ್ನು ಒಂದರ ಮೇಲೊಂದು ಬೆಳೆಸುವುದು ವಾಡಿಕೆ. 2007ರಲ್ಲಿ ಬರ್ಕ್ಲಿಯ ಕಾನಿ ಚಾಂಗ್-ಹಸ್ನೈನ್ ತಂಡ ಮೇಲಿನ ಆ ರಾಶಿಯ ಬದಲು ಮೈಕ್ರೊಮೀಟರಿಗಿಂತ ತೆಳುವಾದ ಒಂದೇ ಗ್ರೇಟಿಂಗ್ ಪದರವನ್ನು ಕೆಲಸಕ್ಕಿಳಿಸಿತು. ಅದು ಹಗುರವೂ ಹೌದು. ಮರುವರ್ಷವೇ ಅದನ್ನು ವಿದ್ಯುತ್ತಿನಿಂದ ಅಲುಗಿಸಿ ಲೇಸರಿನ ತರಂಗದೂರವನ್ನು ಬದಲಿಸಿ ತೋರಿಸಿದರು.

ತೊಡಕೂ ಇದೆ. ಕಿರಿದಾದ ಪಟ್ಟಿಯ ಶೋಧಕದ ಮೇಲೆ ಬೆಳಕು ಕೊಂಚ ಓರೆಯಾಗಿ ಬಿದ್ದರೂ ಹಿಂದಿರುಗುವ ತರಂಗದೂರ ಸರಿದುಬಿಡುತ್ತದೆ. ಮೇಲ್ಮೈಗೆ ಏನಾದರೂ ಅಂಟಿದರೂ ಅಷ್ಟೇ. ಈ ಎರಡನೆಯ ದೋಷವನ್ನೇ ಜೀವವಿಜ್ಞಾನಿಗಳು ಬಳಸಿಕೊಂಡಿದ್ದಾರೆ: ಗೀರುಗಳ ಮೇಲೆ ಪ್ರತಿಕಾಯಗಳನ್ನು ಕೂರಿಸಿ, ಅವುಗಳಿಗೆ ಪ್ರೋಟೀನು ಅಂಟಿಕೊಂಡಿತೇ ಎಂಬುದನ್ನು ತರಂಗದೂರ ಎಷ್ಟು ಸರಿಯಿತು ಎಂಬುದರಿಂದ ಓದುತ್ತಾರೆ.