ಕೋಬಾಲ್ಟಿನ ಲೇಶವೂ ಕೂಸಿನ ಔಷಧವೂ

ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆಯನ್ನಿಟ್ಟರೆ ಅದು ಕಿಲುಬೆದ್ದು ಕೆಡುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಕಣ್ಣಿಗೆ ಕಾಣದಷ್ಟು ಲೋಹವು ಹುಳಿಯಲ್ಲಿ ಕರಗಿ, ವಿದ್ಯುದಾವೇಶವುಳ್ಳ ಕಣಗಳಾಗಿ, ಎಂದರೆ ಅಯಾನುಗಳಾಗಿ, ಬೆರೆಯುವುದೇ ಇದಕ್ಕೆ ಕಾರಣ. ಆದರೆ ಲೋಹದ ಲೇಶವು ಯಾವಾಗಲೂ ಕೇಡನ್ನೇ ಮಾಡುವುದೆಂದು ಭಾವಿಸಬಾರದು. ಪ್ರಾಣವುಳಿಸುವ ಕೆಲವು ಔಷಧಗಳು ಅದಿಲ್ಲದೆ ಸರಿಯಾಗಿ ಸಿದ್ಧವಾಗಲಾರವು.

ಜೆಂಟಾಮೈಸಿನ್ ಅಂಥದೊಂದು ಪ್ರತಿಜೈವಿಕ. ಅಮೆರಿಕದ ಷೆರಿಂಗ್ ಸಂಸ್ಥೆಯ ವಿಜ್ಞಾನಿಗಳು ಇದರ ಶೋಧವನ್ನು 1963ರಲ್ಲಿ ಪ್ರಕಟಿಸಿದರು. ರಕ್ತಕ್ಕೆ ಸೋಂಕು ತಗುಲಿದ ಹಸುಗೂಸುಗಳಿಗೆ ವೈದ್ಯರು ಇಂದಿಗೂ ಇದನ್ನು ಕೊಡುತ್ತಾರೆ. ಇದನ್ನು ನಿರ್ಮಿಸುವುದು ಮೈಕ್ರೊಮೊನೊಸ್ಪೋರ ಎಂಬ ಬ್ಯಾಕ್ಟೀರಿಯ. ದೊಡ್ಡ ತೊಟ್ಟಿಗಳಲ್ಲಿ ಪಿಷ್ಟ, ಸೋಯಾ ಹಿಟ್ಟು ಮುಂತಾದ ಆಹಾರವನ್ನಿತ್ತು, ಗಾಳಿಯನ್ನೂದಿ, ಅದನ್ನು ಬೆಳೆಸುತ್ತಾರೆ. ಈ ಆಹಾರಕ್ಕೆ ಕೋಬಾಲ್ಟಿನ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವುದುಂಟು.

ಏತಕ್ಕೆ? ಜೆಂಟಾಮೈಸಿನ್ ಅಣುವನ್ನು ಕಟ್ಟುವಾಗ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ಮೀಥೈಲ್ ಗುಂಪುಗಳನ್ನು ಕೂಡಿಸಬೇಕಾಗುತ್ತದೆ. ಮೀಥೈಲ್ ಎಂದರೆ ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಕೂಟ. ಈ ಕೆಲಸವನ್ನು ಮಾಡುವ ಕಿಣ್ವಗಳಲ್ಲಿ ಕೆಲವಕ್ಕೆ ಬಿ-12 ಜೀವಸತ್ವದ ಜಾತಿಯ ವಸ್ತುವೊಂದರ ನೆರವು ಬೇಕು. ಆ ವಸ್ತುವಿನ ನಡುವೆ ಕುಳಿತಿರುವುದೇ ಕೋಬಾಲ್ಟ್. ಮೀಥೈಲನ್ನು ಹಿಡಿದು ದಾಟಿಸುವ ಕೈ ಅದು. ಕೋಬಾಲ್ಟಿಗೆ ಕೊರತೆಯಾದರೆ ಮೀಥೈಲಿಲ್ಲದ ಬೇರೆ ಅಣುಗಳು ಹೆಚ್ಚಿ, ಬೇಕಾದ ಔಷಧವು ಕಡಮೆಯಾಗುತ್ತದೆ.

ಇಷ್ಟು ಅಲ್ಪದಿಂದ ಅಷ್ಟು ದೊಡ್ಡ ಕಾರ್ಯವು ಹೇಗೆ ಸಾಧ್ಯವೆಂದು ಓದುಗರು ಕೇಳಬಹುದು. ಒಂದು ಮಿಲಿಗ್ರಾಂ ಕೋಬಾಲ್ಟಿನಲ್ಲಿರುವ ಪರಮಾಣುಗಳನ್ನು ಎಣಿಸಿ ಬರೆಯಲು 1ರ ಮುಂದೆ 19 ಸೊನ್ನೆಗಳನ್ನಿಡಬೇಕು! ಅಲ್ಲದೆ, ಕಿಣ್ವದೊಡನೆ ದುಡಿಯುವ ಲೋಹವು ಒಂದು ಅಣುವಿನ ಕೆಲಸವನ್ನು ಮುಗಿಸಿ ಇನ್ನೊಂದಕ್ಕೆ ತೊಡಗುತ್ತದೆ.

ಈ ನಿಯಮವು ಜೆಂಟಾಮೈಸಿನ್ನಿಗೆ ಮಾತ್ರ ಸೀಮಿತವಲ್ಲ. ಬ್ಯಾಸಿಟ್ರಾಸಿನ್ನನ್ನು ತಯಾರಿಸುವ ಬ್ಯಾಸಿಲಸ್‌ಗೆ ಮ್ಯಾಂಗನೀಸ್ ಬೇಕು. ಸ್ಟ್ರೆಪ್ಟೊಮೈಸಿಸ್ ಕುಲದ ಹಲವು ಬ್ಯಾಕ್ಟೀರಿಯಗಳಿಗೆ ಕಬ್ಬಿಣವೂ ಸತುವೂ ಬೇಕು. ಜೀವಿಯು ಬೆಳೆಯಲು ಸಾಕಾಗುವಷ್ಟು ಲೋಹವು ಔಷಧವನ್ನು ತಯಾರಿಸಲು ಸಾಲದೆ ಹೋಗಬಹುದು. ಮಿತಿ ಮೀರಿದರೆ ಅದೇ ಲೋಹವು ವಿಷವಾಗುತ್ತದೆ. ಆದ್ದರಿಂದ ತೊಟ್ಟಿಯ ತುಂಬ ಜೀವಿಗಳು ಸೊಂಪಾಗಿ ಬೆಳೆದ ಮಾತ್ರಕ್ಕೆ ಔಷಧವು ದೊರೆಯಿತೆಂದು ಹಿಗ್ಗುವಂತಿಲ್ಲ.

ಈ ಲೇಶವನ್ನು ಅಳೆಯುವ ಉಪಾಯವು ಭೌತಶಾಸ್ತ್ರದ ಕೊಡುಗೆಯೆಂಬುದು ನಮಗೆ ಹೆಮ್ಮೆಯ ವಿಷಯ. ಪ್ರತಿಯೊಂದು ಧಾತುವಿನ ಪರಮಾಣುಗಳೂ ತಮಗೇ ವಿಶಿಷ್ಟವಾದ ಬೆಳಕಿನ ಅಲೆಗಳನ್ನು ಹೀರುತ್ತವೆ. ಎಷ್ಟು ಬೆಳಕು ಕುಂದಿತೆಂಬುದರಿಂದ ಎಷ್ಟು ಲೋಹವಿದೆಯೆಂದು ಗೊತ್ತುಮಾಡುವ ಈ ವಿಧಾನವನ್ನು ಆಸ್ಟ್ರೇಲಿಯದ ಆಲನ್ ವಾಲ್ಷ್ 1955ರಲ್ಲಿ ಮಂಡಿಸಿದರು.

ತೂಕಕ್ಕೆ ಅಲ್ಪವಾದುದು ಬೆಲೆಗೆ ಅಲ್ಪವಲ್ಲ. ಕೂಸಿಗೆ ಚುಚ್ಚುವ ಸೂಜಿಮದ್ದಿನ ಹಿಂದೆ ಆ ಲೋಹದ ಲೇಶದ ದುಡಿಮೆಯೂ ಇದೆ.