ಪರ್ಯಾಯದ ಸಾಲವೂ ಧರ್ಮದ ಪ್ರಶ್ನೆಯೂ

ಉಡುಪಿಯಲ್ಲಿ ಪರ್ಯಾಯವೆಂದರೆ ಖರ್ಚು. ಸರದಿ ಬಂದ ಮಠಕ್ಕೆ ಎರಡು ವರ್ಷ ಕೃಷ್ಣಪೂಜೆ, ಬಂದವರಿಗೆ ಊಟ. ಅಷ್ಟಮಠಗಳಲ್ಲೊಂದಾದ ಶೀರೂರು ಮಠ ಹೀಗೆಯೇ ಸಾಲಕ್ಕೆ ಬಿತ್ತು. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು; ಅಲ್ಲಿನ ಧರ್ಮಾದಾಯ ಮಂಡಳಿ ಮಠದ ಆಡಳಿತಕ್ಕೆ ಕೈಹಾಕಿತು, ಮಠಾಧೀಶರಾದ ಶ್ರೀ ಲಕ್ಷ್ಮೀಂದ್ರತೀರ್ಥರು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನನ್ನ ವಕೀಲ ಕಚೇರಿಗೆ ಸೇರುವ ಜೂನಿಯರ್‌ಗಳಿಗೆ ಮೊದಲು ಓದಿಸುವುದು ಇದನ್ನೇ. ನಮ್ಮೂರಿನದೆಂಬ ಅಭಿಮಾನವೂ ಇದೆ, ಸುಳ್ಳೇಕೆ.

ಸಂವಿಧಾನದ 25 ಮತ್ತು 26ನೇ ವಿಧಿಗಳು ಧರ್ಮದ ಸ್ವಾತಂತ್ರ್ಯ ಕೊಡುತ್ತವೆ; ಧರ್ಮವೆಂದರೇನೆಂದು ಹೇಳುವುದಿಲ್ಲ. ಸೃಷ್ಟಿಕರ್ತನೊಡನೆ ಮನುಷ್ಯನ ಸಂಬಂಧ, ಅದರಿಂದ ಹುಟ್ಟುವ ಕರ್ತವ್ಯ, ಇದೇ ಧರ್ಮವೆಂದು ಅಮೆರಿಕದ 1890ರ ತೀರ್ಪೊಂದು ಹೇಳಿತ್ತು. ಶೀರೂರು ತೀರ್ಪು ಬರೆದ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಅದನ್ನು ಒಪ್ಪಲಿಲ್ಲ. ಸೃಷ್ಟಿಕರ್ತ ಬೇಕೇ ಬೇಕೆಂದರೆ ಬೌದ್ಧರೂ ಜೈನರೂ ಹೊರಗೇ. (ಕಾರ್ಕಳದ ಗೊಮ್ಮಟನನ್ನು ಎಲ್ಲಿಡೋಣ?) ನಂಬಿಕೆಯಷ್ಟೇ ಅಲ್ಲ, ನೈವೇದ್ಯದ ಹೊತ್ತು, ಹೋಮ, ಊಟ–ಉಡುಗೆಯ ಕಟ್ಟುಪಾಡುಗಳೂ ಧರ್ಮದೊಳಗೆ ಬರಬಹುದೆಂದರು. ಅವುಗಳಲ್ಲಿ ಅತ್ಯಗತ್ಯವಾದದ್ದು ಯಾವುದೆಂದು ಆ ಧರ್ಮದ ತತ್ವಗಳನ್ನೇ ಕೇಳಬೇಕು. ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ಹಿಡಿತದಲ್ಲಿಡಬಹುದು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. 1961ರ ಅಜ್ಮೇರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಒಂದು ಜರಡಿ ತಂದರು: ಮೂಢನಂಬಿಕೆಯಿಂದ ಹುಟ್ಟಿದ ಆಚರಣೆಗಳು ಧರ್ಮದ ಅತ್ಯಗತ್ಯ ಭಾಗವಾಗದೆ ಹೋಗಬಹುದು. ಮೂಢ ಯಾವುದೆಂದು ಹೇಳುವವರು ನ್ಯಾಯಾಧೀಶರೇ. ಉಡುಪಿಯ ಕಾಲೇಜೊಂದರಿಂದ ಎದ್ದ ಹಿಜಾಬ್ ವಿವಾದದಲ್ಲಿ 2022ರಲ್ಲಿ ನಮ್ಮ ಹೈಕೋರ್ಟ್ ಅದೇ ದಾರಿ ಹಿಡಿದು, ಹಿಜಾಬ್ ಅತ್ಯಗತ್ಯ ಆಚರಣೆಯಲ್ಲವೆಂದಿತು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅವರಲ್ಲೊಬ್ಬರಾದ ಸುಧಾಂಶು ಧೂಲಿಯಾ, ಆ ಪ್ರಶ್ನೆಗೇ ಹೋಗಬೇಕಿರಲಿಲ್ಲ ಎಂದರು. ನನಗೂ ಹಾಗೆಯೇ ಅನಿಸುತ್ತದೆ.

ಏಕೆಂದರೆ ಅತ್ಯಗತ್ಯ ಆಚರಣೆಯ ಈ ಪರೀಕ್ಷೆ ಕಡೆಗೂ ಗ್ರಂಥ ಕೇಳುತ್ತದೆ. ನಮ್ಮ ತುಳುನಾಡಿನ ದೈವಾರಾಧನೆ ಭೂತಕೋಲಕ್ಕೆ ಗ್ರಂಥ ಎಲ್ಲಿಂದ ತರಲಿ? ಇರುವುದು ಪಾಡ್ದನವೆಂಬ ಹಾಡುಗತೆ, ಅದೂ ಹಾಡುವವರು ಬದಲಾದಂತೆ ಬದಲಾಗುತ್ತದೆ. ಮೀನುಗಾರ ಮೊಗವೀರರು ನಂಬುವ ಬೊಬ್ಬರ್ಯ ಭೂತ ಪಾಡ್ದನದಲ್ಲಿ ಬ್ಯಾರಿ, ಅಂದರೆ ಮುಸ್ಲಿಂ, ತಂದೆಯ ಮಗ. ಇದು ಯಾವ ಧರ್ಮದ ಅತ್ಯಗತ್ಯ ಆಚರಣೆಯೆಂದು ವಾದಿಸುವುದು? ಕೋಲ ಕಟ್ಟಿಸುವವರಿಗೆ ಈ ಚಿಂತೆಯೇ ಇಲ್ಲ. ಅವರು ವಕೀಲರನ್ನು ಹುಡುಕಿಕೊಂಡು ಬರುವುದು, ಗಂಧಪ್ರಸಾದ ಮೊದಲು ಯಾವ ಮನೆಗೆ ಎಂಬ ತಕರಾರಿಗೆ.